ಮುಂದಿನ ರಜೆಗಲ್ಲ, ಈ ವಾರವೇ ಹೋಗಿ ಬನ್ನಿ



ಈ ಸಲ ಬಿಪಿ, ಕೊಲೆಸ್ಟ್ರಾಲ್ ವಿಷಯ ಬೇಡ. ನಿಮ್ಮ ಫೋನಿನಲ್ಲಿ ಊರಿನ ಶಾಲೆಯ ಹಳೇ ಬ್ಯಾಚಿನ ಗ್ರೂಪ್ ಒಂದು ಇದ್ದೇ ಇರುತ್ತದೆ. ಒಂದು ದಿನ ಅದರಲ್ಲಿ ಸುದ್ದಿ ಬರುತ್ತದೆ: ಒಂದೇ ಬೆಂಚಿನಲ್ಲಿ ಕೂರುತ್ತಿದ್ದವನ ಕಾಯಿಲೆ ಕೈಮೀರಿದೆ, ಡಾಕ್ಟರು ಮನೆಗೆ ಕಳಿಸಿದ್ದಾರೆ. ಹತ್ತೇ ನಿಮಿಷದಲ್ಲಿ ಕೈಮುಗಿಯುವ ಚಿತ್ರಗಳ ಸಾಲು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿರುವ ನಾವು "ದಸರೆಗೆ ಊರಿಗೆ ಹೋದಾಗ ನೋಡಿದರಾಯಿತು" ಅಂದುಕೊಳ್ಳುತ್ತೇವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ದಸರೆಗೆ ಕಾಯಬೇಡಿ. ಅವನು ಬೇಡ ಅನ್ನದಿದ್ದರೆ ಈಗಲೇ ಹೊರಡಿ.

*ಕಾಯಬಾರದು, ಯಾಕೆ?*

ಇನ್ನೆಷ್ಟು ಸಮಯ ಇದೆ ಎಂಬ ಲೆಕ್ಕದಲ್ಲಿ ವೈದ್ಯರೇ ತಪ್ಪುತ್ತಾರೆ. 2000ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಷಿಕಾಗೋದ ಒಂದು ಅಧ್ಯಯನ ಪ್ರಕಟವಾಯಿತು. ಕೊನೆಯ ಹಂತದ 468 ರೋಗಿಗಳ ಬಗ್ಗೆ ಅವರವರ ವೈದ್ಯರನ್ನೇ ಕೇಳಿದ್ದರು. ಅಂದಾಜು ಸರಿಯಾದದ್ದು ಶೇಕಡಾ 20ರಷ್ಟು ಮಾತ್ರ. ಶೇಕಡಾ 63ರಷ್ಟು ಅಂದಾಜುಗಳು ನಿಜಕ್ಕಿಂತ ಹೆಚ್ಚು ದಿನ ಹೇಳಿದ್ದವು.

ಹೃದಯ ವೈಫಲ್ಯದಲ್ಲಿ ಇದು ಇನ್ನೂ ಕಷ್ಟ. ರೋಗಿ ಉಸಿರುಗಟ್ಟಿ ಆಸ್ಪತ್ರೆ ಸೇರುತ್ತಾರೆ, ನೀರು ಇಳಿಸಿದ ಮೇಲೆ ಚೇತರಿಸಿಕೊಂಡು ಮನೆಗೆ ಬರುತ್ತಾರೆ, ಮತ್ತೆ ಕುಸಿಯುತ್ತಾರೆ. ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಹೃದಯ ನಿಂತುಬಿಡುತ್ತದೆ. ಹಾಗಾಗಿ "ಈಗ ಪರವಾಗಿಲ್ಲವಂತೆ" ಎಂಬ ಸುದ್ದಿ ಬಂದರೆ ಪ್ರಯಾಣ ಮುಂದೂಡಬೇಡಿ. ಕೂತು ಮಾತಾಡುವ ಶಕ್ತಿ ಇರುವುದು ಆ ದಿನಗಳಲ್ಲೇ.

*ಮನೆಯವರಿಗೊಂದು ಮಾತು*

"ಹಳೇ ಗೆಳೆಯರು ಬಂದರೆ ಉದ್ವೇಗವಾಗುತ್ತೆ, ಹಾರ್ಟಿಗೆ ಒಳ್ಳೇದಲ್ಲ" ಎಂದು ಬಾಗಿಲಲ್ಲೇ ತಡೆಯುವ ಮನೆಗಳಿವೆ. ಪ್ರೀತಿಯಿಂದಲೇ ತಡೆಯುತ್ತಾರೆ, ಗೊತ್ತು. ಐಸಿಯುನಲ್ಲಿದ್ದರೆ, ಕೂತಲ್ಲೇ ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ, ಎದೆನೋವಿದ್ದರೆ ನೋಡುತ್ತಿರುವ ವೈದ್ಯರನ್ನು ಕೇಳಿ. ಮನೆಯಲ್ಲಿ ಸ್ಥಿರವಾಗಿರುವವರಿಗೆ ಗೆಳೆಯನ ಜೊತೆ ಅರ್ಧ ಗಂಟೆ ನಗುವುದನ್ನೋ ಅಳುವುದನ್ನೋ ಹೃದಯದ ಹೆಸರಿನಲ್ಲಿ ನಿಷೇಧಿಸಬೇಕಿಲ್ಲ. ಎರಡು ತಿಂಗಳಿಂದ ಮಾತ್ರೆ, ಊತ, ತೂಕ ಇಷ್ಟನ್ನೇ ಕೇಳಿಸಿಕೊಂಡವರಿಗೆ, ತನ್ನನ್ನು ರೋಗಿ ಎಂದಲ್ಲದೆ ಬೇರೆ ರೀತಿಯಲ್ಲಿ ಬಲ್ಲವರು ಬೇಕಾಗುತ್ತದೆ.

ಒಂದು ಆಕ್ಷೇಪ ಮಾತ್ರ ನಾನು ಒಪ್ಪುತ್ತೇನೆ. ಕೆಲವರಿಗೆ ಈ ಸ್ಥಿತಿಯಲ್ಲಿ ಯಾರೂ ನೋಡುವುದು ಬೇಡ. ಬಾಡಿದ ಮುಖ, ಊದಿದ ಕಾಲು ತೋರಿಸಲು ಸಂಕೋಚ. ಅದು ಅವರ ಹಕ್ಕು. ಆದರೆ ಅವರನ್ನು ಕೇಳಿ ತೀರ್ಮಾನಿಸಿ, ಅವರ ಪರವಾಗಿ ನೀವೇ ತೀರ್ಮಾನಿಸಬೇಡಿ. ಇತ್ತ ಗೆಳೆಯರು ಹೇಳುವ "ಅವನನ್ನು ಮೊದಲಿನ ಹಾಗೇ ನೆನಪಿಟ್ಟುಕೊಳ್ತೀನಿ" ಎಂಬ ಮಾತು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವುದು. ಅದರಿಂದ ಅವನಿಗೇನೂ ಸಿಗುವುದಿಲ್ಲ.

*ಹೋಗುವವರು ನೆನಪಿಡಿ*

1. ಮೊದಲು ಫೋನ್ ಮಾಡಿ ಅವನಿಗೆ ಅನುಕೂಲವಾದ ಹೊತ್ತು ಕೇಳಿ. ಇಬ್ಬರು ಮೂವರು ಸಾಕು, ಇಡೀ ಬ್ಯಾಚ್ ಬೇಡ.

2. ನೆಗಡಿ, ಕೆಮ್ಮು, ಜ್ವರ ಇದ್ದರೆ ಟಿಕೆಟ್ ಬದಲಿಸಿ. ಸಣ್ಣ ಸೋಂಕೂ ಅವನಿಗೆ ದೊಡ್ಡದಾಗಬಹುದು.

3. ಅರ್ಧ ಗಂಟೆ ಸಾಕು. ನಿಂತು ಮಾತಾಡಬೇಡಿ, ಕುರ್ಚಿ ಎಳೆದುಕೊಂಡು ಹತ್ತಿರ ಕೂರಿ. ಸುಸ್ತಾದಂತೆ ಕಂಡರೆ ಎದ್ದು ಬನ್ನಿ.

4. ಹೃದಯ ವೈಫಲ್ಯ ಇದ್ದವರಿಗೆ ಉಪ್ಪಿನಕಾಯಿ, ಹಪ್ಪಳ, ಚಕ್ಕುಲಿ ಒಯ್ಯಬೇಡಿ, ಉಪ್ಪು ನೀರು ಹಿಡಿಸುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ. ಹಳೇ ಕ್ಲಾಸ್ ಫೋಟೋ ಒಯ್ಯಿರಿ.

5. "ಅಲ್ಲೊಬ್ಬರು ಬೇರು ಕೊಡ್ತಾರಂತೆ" ಎಂಬ ಸಲಹೆ ಬೇಡ. "ಏನೂ ಆಗಲ್ಲ ಬಿಡೋ" ಎಂಬ ಸುಳ್ಳು ಧೈರ್ಯವೂ ಬೇಡ. ಮನೆಯವರು ಹೇಳದ್ದನ್ನು ನೀವಾಗಿ ಬಾಯಿಬಿಡಬೇಡಿ. ಅವನೇ ಸಾವಿನ ಮಾತೆತ್ತಿದರೆ ವಿಷಯ ಬದಲಿಸದೆ ಕೇಳಿಸಿಕೊಳ್ಳಿ. ಸುಮ್ಮನೆ ಕೂತರೂ ತಪ್ಪಿಲ್ಲ.

6. ಹಳೇ ಜಗಳ, ಹಳೇ ಸಾಲ ಇದ್ದರೆ ಒಂದೇ ಮಾತಿನಲ್ಲಿ ಮುಗಿಸಿ. ಯಾರದು ತಪ್ಪು ಎಂಬ ವಿಚಾರಣೆ ಬೇಡ.

7. ಹೆಂಡತಿಯನ್ನು, ಮಕ್ಕಳನ್ನೂ ಮಾತಾಡಿಸಿ. ನೀವು ಅವನ ಹತ್ತಿರ ಕೂತರೆ ಅವರಿಗೆ ಒಂದು ಗಂಟೆ ನಿದ್ದೆ ಸಿಗುತ್ತದೆ.

ಹೋಗಲು ಆಗದೇ ಇರಬಹುದು. ರಜೆ ಇಲ್ಲ, ಖರ್ಚಿನ ತೊಂದರೆ, ಮನೆಯಲ್ಲಿ ವಯಸ್ಸಾದವರು. ಆಗ ನಿಮ್ಮ ದನಿಯಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಬೇಕೆನಿಸಿದಾಗ ಮತ್ತೆ ಕೇಳಬಹುದು, ಉತ್ತರಿಸುವ ಆಯಾಸ ಇಲ್ಲ.

*ಇನ್ನೊಂದು ಸಹಾಯ*

ನೋವು, ಉಸಿರಾಟದ ಸಂಕಟ, ನಿದ್ರಾಹೀನತೆಗೆ ಕೊನೆಯವರೆಗೂ ಚಿಕಿತ್ಸೆ ಇದೆ. ಇದನ್ನೇ ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಇದು ಕ್ಯಾನ್ಸರಿಗೆ ಮಾತ್ರ ಎಂಬುದು ತಪ್ಪು ತಿಳುವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದು ಬೇಕಾದ ವಯಸ್ಕರಲ್ಲಿ ಶೇಕಡಾ 38.5 ಮಂದಿ ಹೃದಯ ಮತ್ತು ರಕ್ತನಾಳದ ಕಾಯಿಲೆಯವರು, ಶೇಕಡಾ 34 ಮಂದಿ ಕ್ಯಾನ್ಸರ್ ರೋಗಿಗಳು. ಆದರೆ ಜಗತ್ತಿನಲ್ಲಿ ಅಗತ್ಯವಿರುವವರಲ್ಲಿ ಸುಮಾರು ಶೇಕಡಾ 14 ಮಂದಿಗೆ ಮಾತ್ರ ಇದು ಸಿಗುತ್ತಿದೆ. ದಣಿದ ಮನೆಯವರಿಗೆ ಹುಡುಕಲು ಪುರುಸೊತ್ತಿರುವುದಿಲ್ಲ. ದೂರದ ಊರಿನಲ್ಲಿರುವ ನೀವೇ ನಾಲ್ಕು ಫೋನ್ ಮಾಡಿ, ಅವನ ಊರಿನ ಹತ್ತಿರ ಈ ಸೇವೆ ಎಲ್ಲಿದೆ ಎಂದು ವಿಚಾರಿಸಿ ಕೊಡಬಹುದು.

ಇದನ್ನು ಓದುವಾಗ ಒಬ್ಬರ ಹೆಸರು ನಿಮ್ಮ ಮನಸ್ಸಿಗೆ ಬಂದಿರಬಹುದು. ಹಾಗಿದ್ದರೆ ಇದನ್ನು ಫಾರ್ವರ್ಡ್ ಮಾಡುವ ಮೊದಲು ಅವರಿಗೆ ಫೋನ್ ಮಾಡಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.