ಚಡ್ಡಿ ಒದ್ದೆಯಾದರೆ ಶಾಲೆಯಿಂದ ಆಚೆಗಾ?

ಯಲಹಂಕದ ತಂದೆ ತಾಯಂದಿರೇ, ಮೇಷ್ಟ್ರುಗಳೇ, ಮೇಡಂಗಳೇ,

ಕಳೆದ ವಾರ ನಮ್ಮ ಉಪನಗರದ ಒಂದು ಖಾಸಗಿ ಶಾಲೆಯಲ್ಲಿ ನಡೆದದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಆರು ತುಂಬಿದ ಹುಡುಗ, ಆಟಿಸಂ ಇದೆ. ಒಂದನೇ ತರಗತಿಗೆ ಸೇರಿಸಲು ಅಮ್ಮ ಕರೆದುಕೊಂಡು ಹೋಗಿದ್ದರು. ಅಕ್ಷರ ತೋರಿಸಿದರೆ ಗುರುತಿಸಿದ, ನೂರರವರೆಗೆ ತಪ್ಪಿಲ್ಲದೆ ಎಣಿಸಿದ. ಆಮೇಲೆ ಬಂತು ಪ್ರಶ್ನೆ: “ಟಾಯ್ಲೆಟ್‌ಗೆ ಒಬ್ಬನೇ ಹೋಗ್ತಾನಾ?” ಮನೆಯಲ್ಲಿ ಹೋಗ್ತಾನೆ, ಹೊರಗೆ ಇನ್ನೂ ರೂಢಿಯಾಗಬೇಕು ಅಂದರು ಆ ತಾಯಿ. ಸುಳ್ಳು ಹೇಳಲಿಲ್ಲ. “ಹಾಗಾದ್ರೆ ಕಲಿಸ್ಕೊಂಡು ಮುಂದಿನ ವರ್ಷ ಬನ್ನಿ” ಅಂತ ಅರ್ಜಿ ವಾಪಸ್ ಕೊಟ್ಟರು.

ಆರು ವರ್ಷದ ಮಗುವಿನ ಒಂದು ಇಡೀ ವರ್ಷ ಹೋಯಿತು. ಒಂದು ಒದ್ದೆ ಚಡ್ಡಿಯ ಭಯಕ್ಕೆ!

“ಕಲಿಸ್ಕೊಂಡು ಬನ್ನಿ” ಎಂದವರಿಗೆ ಆಟಿಸಂ ಬಗ್ಗೆ ಏನೂ ಗೊತ್ತಿಲ್ಲ. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರುವುದಿಲ್ಲ. ಮನೆಯ ಬಚ್ಚಲು ಗೊತ್ತು, ಅಲ್ಲಿನ ನೀಲಿ ಮಗ್ಗು ಗೊತ್ತು, ಸ್ವಿಚ್ಚು ಎಲ್ಲಿದೆ ಗೊತ್ತು. ಶಾಲೆಯಲ್ಲಿ ಫಿನಾಯಿಲ್ ವಾಸನೆ, ಒದ್ದೆ ನೆಲ, ಬಾಗಿಲು ಬಡಿಯುವ ಹತ್ತು ಮಕ್ಕಳು, ಕಿವಿಗೆ ಸಿಡಿಲು ಬಡಿದಂತೆ ಕೇಳುವ ಫ್ಲಶ್ಶು. ಆ ಮಗುವಿಗೆ ಅದು ಬೇರೆಯೇ ಲೋಕ. ಶಾಲೆಯ ಶೌಚಾಲಯವನ್ನು ಶಾಲೆಯ ಶೌಚಾಲಯದಲ್ಲೇ ಕಲಿಯಬೇಕು. ಬಾಗಿಲೊಳಗೇ ಬಿಡದೆ ಎಲ್ಲಿ ಕಲಿಸಿಕೊಂಡು ಬರಲಿ ಆ ತಾಯಿ?

ಕಲಿಸುವುದು ಬ್ರಹ್ಮವಿದ್ಯೆಯೂ ಅಲ್ಲ. ಚಡ್ಡಿ ಇಳಿಸು, ಕೂರು, ತೊಳೆದುಕೋ, ನೀರು ಹಾಕು, ಚಡ್ಡಿ ಏರಿಸು, ಕೈಗೆ ಸೋಪು ಹಚ್ಚು. ಒಂದೊಂದಕ್ಕೂ ಒಂದು ಚಿತ್ರ, ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿದರಾಯಿತು. ಮೊದಮೊದಲು ಎಲ್ಲವನ್ನೂ ದೊಡ್ಡವರೇ ಮಾಡಿ, ಚಡ್ಡಿಯನ್ನು ಸೊಂಟದ ಹತ್ತಿರ ತಂದು ಬಿಡಬೇಕು. ಉಳಿದ ನಾಲ್ಕು ಬೆರಳಷ್ಟನ್ನು ಮಗು ಎಳೆದುಕೊಳ್ಳುತ್ತದೆ. ಶಭಾಷ್ ಅನ್ನಿ. ಅದು ಕೈಗೆ ಬಂದಮೇಲೆ ಮಂಡಿಯಿಂದ ಎಳೆದುಕೊಳ್ಳಲಿ. ಊಟವಾಗಿ ಸ್ವಲ್ಪ ಹೊತ್ತಿಗೆ, ದಿನಾ ಅದೇ ಸಮಯಕ್ಕೆ ಕರೆದುಕೊಂಡು ಹೋಗಿ. ಆದರೆ ನಮ್ಮ ಶಾಲೆಗಳ ಯೂನಿಫಾರ್ಮ್ ನೋಡಿ: ಹುಕ್ಕು, ಜಿಪ್ಪು, ಮೇಲೊಂದು ಬೆಲ್ಟು! ಬೆರಳಲ್ಲಿ ಹಿಡಿತವಿಲ್ಲದ ಮಗು ಅದನ್ನು ಬಿಚ್ಚುವಷ್ಟರಲ್ಲಿ ಅವಸರ ಮೀರಿರುತ್ತದೆ. ಎಲಾಸ್ಟಿಕ್ ಚಡ್ಡಿ ಹಾಕಿಸ್ತೀವಿ ಅಂದರೆ ಶಿಸ್ತು ಕೆಡುತ್ತದಂತೆ.

ಆಯಾ ಇಲ್ಲ ಅನ್ನುತ್ತಾರೆ. ಕೆಳಗಿನ ಮಹಡಿಯ ನರ್ಸರಿಯಲ್ಲಿ ಮೂರು ವರ್ಷದ ಮಕ್ಕಳನ್ನು ತೊಳೆಯುವವರು ಯಾರು ಸ್ವಾಮಿ? ಉಳಿದ ಪೋಷಕರು ಒಪ್ಪಲ್ಲ ಅನ್ನುತ್ತಾರೆ. ಪೋಷಕರ ಒಪ್ಪಿಗೆ ಕೇಳಿ ಮಕ್ಕಳನ್ನು ಸೇರಿಸಿಕೊಳ್ಳಿ ಎಂದು ಯಾವ ಕಾನೂನು ಹೇಳಿದೆ? ಇರುವ ಕಾನೂನು ಇದು: ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಅದು ಹೆಸರಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ಸರ್ಕಾರದ ಅನುದಾನವೋ ಮಾನ್ಯತೆಯೋ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ 16ನೇ ಸೆಕ್ಷನ್. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷ ಎನ್ನುತ್ತದೆ 89ನೇ ಸೆಕ್ಷನ್. ಕಟ್ಟಿದವರನ್ನು ನಾವಂತೂ ನೋಡಿಲ್ಲ.

ಇನ್ನು ನಮ್ಮವರೇ ಅನ್ನಿಸಿಕೊಂಡವರಿಗೆ ಒಂದು ಮಾತು. ಪ್ರತಿ ಏಪ್ರಿಲ್ 2ಕ್ಕೆ, ಆಟಿಸಂ ಜಾಗೃತಿ ದಿನ ಅಂತ, ನೀಲಿ ಟೀ ಶರ್ಟ್ ಹಾಕಿ ಕೆರೆ ಸುತ್ತ ನಡೆಯುವ ಸಂಘಗಳವರೇ, ಆ ತಾಯಿ ಶಾಲೆಯ ಗೇಟಿನಲ್ಲಿ ಅಳುತ್ತಾ ನಿಂತಾಗ ನಿಮ್ಮಲ್ಲಿ ಒಬ್ಬರಾದರೂ ಬಂದಿರಾ? ಗಂಟೆಗಿಷ್ಟು ಅಂತ ಎಣಿಸಿಕೊಳ್ಳುವ ಥೆರಪಿ ಸೆಂಟರಿನವರೇ, ಮಣಿ ಪೋಣಿಸುವುದನ್ನು ತಿಂಗಳುಗಟ್ಟಲೆ ಕಲಿಸುತ್ತೀರಿ, ಕುಂಡೆ ತೊಳೆದುಕೊಳ್ಳುವುದು ಮಾತ್ರ ಮನೆಯವರ ಕೆಲಸವೇ? ಅರ್ಜಿಯಲ್ಲಿ ಆಟಿಸಂ ಅಂತ ಬರೀಬೇಡಿ, ಮುಚ್ಚಿಟ್ಟು ಸೇರಿಸಿ ಎಂದು ಕಿವಿಯೂದುವ ಪೋಷಕರೇ, ಮುಚ್ಚಿಟ್ಟ ಮಗುವಿಗೆ ಸಹಾಯ ಕೇಳುವುದು ಹೇಗೆ? ನಿಮ್ಮ ಮೌನವೇ ಇಂಥ ಶಾಲೆಗಳಿಗೆ ಧೈರ್ಯ.

ದಯವಿಟ್ಟು ಯೋಚಿಸಿ. ಬೇರೆ ಶಾಲೆಗೆ ಹಾಕಿ ಎಂಬ ಬುದ್ಧಿವಾದ ನಮಗೆ ಬೇಡ. ಮನೆ ಹತ್ತಿರದ ಶಾಲೆ, ಅಕ್ಕಪಕ್ಕದ ಮಕ್ಕಳ ಜೊತೆ, ಇಷ್ಟೇ ನಾವು ಕೇಳುತ್ತಿರುವುದು. ಸರ್ಕಾರ ಎಚ್ಚೆತ್ತುಕೊಳ್ಳಲಿ, ಶಾಲೆಗಳು ಮನಸ್ಸು ಮಾಡಲಿ.

ಶಾಲೆ ಶುರುವಾಗಲು ಹೆಚ್ಚು ದಿನ ಉಳಿದಿಲ್ಲ. ನಿಮ್ಮ ಮಗುವನ್ನೂ ಹೀಗೆ ವಾಪಸ್ ಕಳಿಸಿದ್ದರೆ ತಲೆ ತಗ್ಗಿಸಿಕೊಂಡು ಮನೆಗೆ ಬರಬೇಡಿ. ಯಾಕೆ ಸೇರಿಸಿಕೊಳ್ಳಲ್ಲ ಅಂತ ಲೆಟರ್‌ಹೆಡ್ಡಿನ ಮೇಲೆ ಬರೆದು, ಸೀಲು ಹಾಕಿ ಕೊಡಿ ಎಂದು ಅಲ್ಲೇ ಕುಳಿತುಕೊಳ್ಳಿ. ಆ ಕಾಗದ ಹಿಡಿದು ಎಲ್ಲರೂ ಒಟ್ಟಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗೋಣ.

ಇಂತಿ,
ನೊಂದ ಪೋಷಕರು, ಯಲಹಂಕ