ರಾಮ್ಸರ್ ಪಟ್ಟಿಯಲ್ಲಿ ಅಘನಾಶಿನಿ: ಹಕ್ಕಿಗಳಿಗೆ ಗಜನಿ ಗದ್ದೆಯೂ ಬೇಕು

ದೇಶದ ಐದು ಜೌಗು ಪ್ರದೇಶಗಳು ರಾಮ್ಸರ್ ಪಟ್ಟಿಗೆ ಸೇರಿರುವುದಾಗಿ ಕೇಂದ್ರ ಪರಿಸರ ಸಚಿವಾಲಯವು 2024ರ ಜನವರಿ 31ರಂದು ಪ್ರಕಟಿಸಿತು. ಅವುಗಳಲ್ಲಿ ಮೂರು ಕರ್ನಾಟಕದವು. ಅಂಕಸಮುದ್ರ ಮತ್ತು ಮಾಗಡಿ ಎರಡೂ ಬಯಲುಸೀಮೆಯ ಕೆರೆಗಳು. ಮೂರನೆಯದಾದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಸ್ವರೂಪವೇ ಬೇರೆ. 4,801 ಹೆಕ್ಟೇರ್ ವ್ಯಾಪ್ತಿಯ ಈ ಪ್ರದೇಶಕ್ಕೆ ಸಮುದ್ರವು ದಿನಕ್ಕೆರಡು ಬಾರಿ ನುಗ್ಗಿ ಹಿಂದೆ ಸರಿಯುತ್ತದೆ. 43ಕ್ಕೂ ಹೆಚ್ಚು ಜಾತಿಗಳ ಸುಮಾರು 66,000 ಹಕ್ಕಿಗಳಿಗೆ ಇದು ಆಸರೆ ಎಂದು ಸಚಿವಾಲಯವೇ ಹೇಳಿದೆ. ಮೀನು, ಏಡಿ, ಬಳಚು, ಬೇಸಾಯ, ಉಪ್ಪು ಇವುಗಳನ್ನು ನೆಚ್ಚಿಕೊಂಡ 6,000ದಿಂದ 7,500 ಕುಟುಂಬಗಳೂ ಇಲ್ಲಿವೆ.

ಮಾನ್ಯತೆ ಬಂದದ್ದು ಸಂತೋಷವೇ. ಆದರೆ ಅದು ಯಾವುದನ್ನು ಕಾಯುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ವಲಸೆ ಹಕ್ಕಿಗಳ ದಿನಚರಿಯನ್ನು ಗಮನಿಸಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಉತ್ತರದ ಶೀತ ಪ್ರದೇಶಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿಗೆ ಬರುವ ಉಲ್ಲಂಕಿ, ಪ್ಲವರ್, ಕರ್ಲ್ಯೂಗಳು ನೀರಿಳಿದಾಗ ಕೆಸರು ಬಯಲಿನಲ್ಲಿ ಹುಳು, ಚಿಪ್ಪುಜೀವಿ, ಸಣ್ಣ ಏಡಿಗಳನ್ನು ಹೆಕ್ಕುತ್ತವೆ. ಉಬ್ಬರ ಏರಿದೊಡನೆ ಆ ಬಯಲು ಮುಳುಗುತ್ತದೆ. ಇವು ಬಾತುಗಳಂತೆ ಈಜಿಕೊಂಡಿರುವ ಹಕ್ಕಿಗಳಲ್ಲ. ಕಾಲೂರಿ ನಿಲ್ಲಲು ತೆಳುನೀರು ಅಥವಾ ಬಯಲು ನೆಲ ಬೇಕು. ಆ ಕೆಲವು ತಾಸು ಅವುಗಳಿಗೆ ಆಶ್ರಯ ನೀಡುವವು ಗಜನಿ ಗದ್ದೆಗಳು ಮತ್ತು ಸಾಣಿಕಟ್ಟೆಯ ಉಪ್ಪಿನ ಆಗರಗಳು. ಅಲ್ಲಿಯೂ ನೆಲೆ ಸಿಗದಿದ್ದರೆ ಹಾರಾಟದಲ್ಲೇ ಶಕ್ತಿ ಸೋರುತ್ತದೆ. ಮರುಪ್ರಯಾಣಕ್ಕೆ ಕೂಡಿಡಬೇಕಾದ ಕೊಬ್ಬು ಕೂಡುವುದಿಲ್ಲ.

ಈ ಗಜನಿಯಾಗಲಿ ಆಗರವಾಗಲಿ ನಿಸರ್ಗವೊಂದೇ ನಿರ್ಮಿಸಿದ್ದಲ್ಲ. ಮುಂಗಾರಿನ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ರೈತರು ಕಗ್ಗ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ಸಹಿಸುವ ಈ ಎತ್ತರದ ತಳಿಗೆ ಗೊಬ್ಬರ, ಔಷಧದ ಹಂಗಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ, ಕೂಳೆಯನ್ನು ಬಿಟ್ಟು, ತೂಬು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಕೊಳೆತ ಕೂಳೆ ಸಿಗಡಿ, ಮೀನುಗಳಿಗೆ ಆಹಾರ. ಮೀನು ಹಕ್ಕಿಗೂ ಹೌದು, ಮನುಷ್ಯನಿಗೂ ಹೌದು. ಕೊಯ್ಲು ಮುಗಿದು ನೀರು ನುಗ್ಗುವ ಕಾಲವೂ ವಲಸೆ ಹಕ್ಕಿಗಳು ಬಂದಿಳಿಯುವ ಕಾಲವೂ ಒಂದೇ.

ಕಾನೂನಿನ ಕಣ್ಣು ಈ ಸಂಬಂಧವನ್ನು ಕಾಣುವುದಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ತಮ್ಮ ವ್ಯಾಖ್ಯೆಯಿಂದ ಭತ್ತದ ಗದ್ದೆಯನ್ನೂ ಉಪ್ಪು ತಯಾರಿಕೆಗೆ, ಮತ್ಸ್ಯಕೃಷಿಗೆ ನಿರ್ಮಿಸಿದ ತಾಣವನ್ನೂ ಹೊರಗಿಟ್ಟಿವೆ. ರಾಮ್ಸರ್ ಒಪ್ಪಂದದ ವರ್ಗೀಕರಣವಾದರೋ ಇವೆಲ್ಲವನ್ನೂ ಮಾನವ ನಿರ್ಮಿತ ಜೌಗು ಎಂದೇ ಗಣಿಸುತ್ತದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲಾ ಕಾಡು, ಉಪ್ಪು ಜೌಗು, ಕೆಸರು ಬಯಲು, ಹಕ್ಕಿಗಳು ಗೂಡು ಕಟ್ಟುವ ತಾಣಗಳಿಗೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಸೈಬೀರಿಯದ ಹಕ್ಕಿ ಇಲ್ಲಿ ಗೂಡು ಕಟ್ಟುವುದಿಲ್ಲವಲ್ಲ! ಅದು ಇಲ್ಲಿಗೆ ಬರುವುದು ಉಣ್ಣಲು ಮತ್ತು ದಣಿವಾರಿಸಿಕೊಳ್ಳಲು.

ಇತ್ತ ಕಗ್ಗದ ವಿಸ್ತಾರ ಕುಗ್ಗುತ್ತ ಬಂದಿದೆ. ಗದ್ದೆಗಳು ಸಿಗಡಿ ಕೃಷಿಗೆ ಗುತ್ತಿಗೆಯಾದವು. ತೊಂಬತ್ತರ ದಶಕದಲ್ಲಿ ಆ ಉದ್ಯಮವನ್ನು ರೋಗ ಹೊಡೆಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಾಂಪ್ರದಾಯಿಕವಲ್ಲದ ಸಿಗಡಿ ಕೃಷಿಗೆ ಕಡಿವಾಣ ಹಾಕಿತು. ಊರವರು ಕೂಡಿ ಪ್ರತಿವರ್ಷ ಒಡ್ಡು ದುರಸ್ತಿ ಮಾಡುವ ಪದ್ಧತಿ ಮಾತ್ರ ಮರಳಲಿಲ್ಲ. ಒಡ್ಡು ಒಡೆದ ಗಜನಿಯಲ್ಲಿ ಭತ್ತವೂ ಇಲ್ಲ, ಉಬ್ಬರದ ವೇಳೆ ತೆಳುನೀರೂ ಇಲ್ಲ.

ಇನ್ನೊಂದು ಆತಂಕ ಘಟ್ಟದ ಮೇಲಿನದು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ತದಡಿಯಲ್ಲಿ 4,000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಜನವಿರೋಧದ ನಡುವೆ ಕೈಬಿಟ್ಟುಹೋಯಿತು. ಇತ್ತೀಚಿನ ವರ್ಷಗಳಲ್ಲಿ ಅಘನಾಶಿನಿ–ವೇದಾವತಿ ಜೋಡಣೆಯ ಮಾತು ಎದ್ದಿದೆ. ಬಯಲುಸೀಮೆಯ ಬಾಯಾರಿಕೆಯನ್ನು ಹಗುರಾಗಿ ಕಾಣುವಂತಿಲ್ಲ. ಹಾಗೆಂದು ಮಳೆಗಾಲದ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ ಎಂಬ ವಾದವನ್ನೂ ಒಪ್ಪಲಾಗದು. ಗಜನಿಯ ಉಪ್ಪನ್ನು ತೊಳೆಯುವುದು, ಕೆಸರು ಬಯಲಿಗೆ ಹೂಳು ತರುವುದು ಆ ನೀರೇ. ನೆರೆಯ ಶರಾವತಿಯಲ್ಲಿ ಆದದ್ದು ಇದರ ಮಗ್ಗುಲು ಬದಲಿಸಿದ ರೂಪ: ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರು ಅಳಿವೆಯ ಲವಣಾಂಶವನ್ನು ಇಳಿಸಿ, ಹೊನ್ನಾವರದ ಕಡೆ ಬಳಚು ಕ್ಷೀಣಿಸಿತು. ನದಿಯ ಕ್ರಮ ತಪ್ಪಿದರೆ ಚಿಪ್ಪುಜೀವಿಗೆ ಕುತ್ತು. ಅದನ್ನು ತಿನ್ನುವ ಹಕ್ಕಿಗೂ ಕುತ್ತು.

ಅಳಿವೆಗೆಂದು ರೂಪುಗೊಳ್ಳುವ ಯಾವುದೇ ನಿರ್ವಹಣಾ ಯೋಜನೆಯಲ್ಲಿ ವೀಕ್ಷಣಾ ಗೋಪುರ, ನಾಮಫಲಕಗಳಿಗಿಂತ ಮೊದಲು ಒಡ್ಡಿನ ಲೆಕ್ಕ ಬರಬೇಕು. ಅದೂ ಉಬ್ಬರವನ್ನೇ ತಡೆದುಬಿಡುವ ಕಾಂಕ್ರೀಟ್ ಗೋಡೆಯಾಗಬಾರದು, ತೂಬುಳ್ಳ ಒಡ್ಡಾಗಬೇಕು. ಕಗ್ಗದ ಅಕ್ಕಿಗೆ ನ್ಯಾಯವಾದ ಬೆಲೆ ಸಿಗಬೇಕು, ಆಗರದ ಕಾರ್ಮಿಕರಿಗೆ ಮೈಮುರಿಯುವ ದುಡಿಮೆಗೆ ತಕ್ಕ ಕೂಲಿ ದೊರೆಯಬೇಕು. ಗಜನಿ ಒಂದೇ ಆದರೂ ಬೆಳೆ ಕೃಷಿ ಇಲಾಖೆಗೆ, ಒಡ್ಡು ಸಣ್ಣ ನೀರಾವರಿಗೆ, ಹಕ್ಕಿ ಅರಣ್ಯ ಇಲಾಖೆಗೆ ಸೇರಿವೆ. ಮುಂದಿನ ಜೂನ್‌ಗೆ ಮೊದಲು ಒಡೆದ ಒಡ್ಡನ್ನು ಕಟ್ಟುವ ಹೊಣೆ ಈ ಮೂವರಲ್ಲಿ ಯಾರದೆಂದು ಜಿಲ್ಲಾಡಳಿತ ಈಗಲೇ ಹೇಳಬೇಕಾಗಿದೆ.