ತೊಳೆಯುವುದನ್ನೂ ಕಲಿಯಬೇಕೇ?

ಕಾರ್ಪೆಟ್ ತೊಳೆಯುವುದಕ್ಕೂ ತರಬೇತಿಯಿದೆ, ಅದರ ಕೊನೆಯಲ್ಲಿ ಪರೀಕ್ಷೆಯೂ ಇದೆ ಎಂದರೆ ನಿಮಗೆ ನಗು ಬರಬಹುದು. ನಾನೂ ಒಮ್ಮೆ ನಕ್ಕವನೇ. ಆದರೆ ಪ್ರಿಯ ಓದುಗರೇ, ಆ ನಗುವಿಗೆ ನಾನು ತೆತ್ತ ಬೆಲೆ ಸಣ್ಣದಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ರಮಝಾನ್ ಹತ್ತಿರ ಬಂದಿತ್ತು. ನಮ್ಮ ಮಸೀದಿಯಲ್ಲಿ ದಾನಿಯೊಬ್ಬರು ಕೊಡಿಸಿದ್ದ ಉಣ್ಣೆಯ ಕಾರ್ಪೆಟ್ ಇತ್ತು. ಕಡುಗೆಂಪು ಬಣ್ಣ, ನಡುವೆ ಕೆನೆಬಣ್ಣದ ಪಟ್ಟಿಗಳು. ಸುಜೂದ್‌ಗೆ ಬಾಗಿದರೆ ಧೂಳು ಮೂಗಿಗೆ ಬಡಿಯುತ್ತಿತ್ತು. ಯಾರನ್ನಾದರೂ ಕರೆಸೋಣ ಎಂದು ಕಮಿಟಿಯ ಒಬ್ಬರು ಹೇಳಿದಾಗ, "ತೊಳೆಯಲಿಕ್ಕೆ ಯಾರ ಅಪ್ಪಣೆ ಬೇಕು? ನೀರಿದೆ, ಸೋಪಿದೆ, ಮಕ್ಕಳಿದ್ದಾರೆ" ಎಂದವನು ನಾನೇ. ಅಂಗಳದಲ್ಲಿ ಹಾಸಿ ಪೈಪಿನಿಂದ ನೀರು ಬಿಟ್ಟೆವು. ಸೋಪಿನ ಪುಡಿ ಸುರಿದು ಬ್ರಷ್ಷಿನಿಂದ ಗಸಗಸ ಉಜ್ಜಿದೆವು. ಕಲೆ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಕೂಡ ಹಾಕಿದೆವು. ಸಂಜೆಯಾಗುವಾಗ ಕೆಂಪು ಬಣ್ಣ ಇಳಿದು ಕೆನೆಬಣ್ಣದ ಪಟ್ಟಿಗಳೆಲ್ಲ ಗುಲಾಬಿಯಾಗಿದ್ದವು. ಬ್ಲೀಚಿಂಗ್ ಬಿದ್ದ ಕಡೆ ಉಣ್ಣೆ ಹಳದಿಗಟ್ಟಿ ಎಳೆ ಎಳೆಯಾಗಿ ಕೈಗೆ ಬಂತು. ಅಡಿಯ ಸೆಣಬು ನೀರು ಕುಡಿದು ನಾಲ್ಕು ದಿನವಾದರೂ ಒಣಗದೆ ನಾರತೊಡಗಿತು. ದಾನಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅದೇ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ. ಎಸ್‌ಎಸ್‌ಎಲ್‌ಸಿ ದಾಟಲಾಗದೆ ಊರು ಬಿಟ್ಟ ಹುಡುಗ. "ಕಂಪೆನಿಯಲ್ಲಿದ್ದಾನೆ" ಎಂದಷ್ಟೇ ಅವನ ತಾಯಿ ಎಲ್ಲರಿಗೂ ಹೇಳುತ್ತಿದ್ದರು. ಅದು ಕ್ಲೀನಿಂಗ್ ಕಂಪೆನಿ ಎಂಬುದು ನನಗೆ ತಿಳಿದದ್ದು ಅಂದೇ. ಅವನು ಕಾರ್ಪೆಟ್‌ನ ಮೂಲೆ ಮಡಚಿ ಅಡಿಭಾಗ ನೋಡಿದ, ಮೂಸಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಉಸ್ತಾದ್, ತಪ್ಪು ತಿಳಿಯಬೇಡಿ. ಉಣ್ಣೆಯೆಂದರೆ ಕುರಿಯ ಕೂದಲಲ್ಲವೇ? ಕೂದಲಿಗೆ ಯಾರಾದರೂ ಬ್ಲೀಚಿಂಗ್ ಹಾಕುತ್ತಾರಾ?"

ನನ್ನ ಬಳಿ ಉತ್ತರವಿರಲಿಲ್ಲ.

"ನಾನೂ ಆರು ವರ್ಷ ಹೀಗೇ ಮಾಡಿದವನು" ಎಂದು ಅವನೇ ಸಮಾಧಾನಪಡಿಸಿದ. ಒಮ್ಮೆ ಗಿರಾಕಿಯೊಬ್ಬರ ಮನೆಯ ಬೆಲೆಬಾಳುವ ಕಾರ್ಪೆಟ್ ಅವನ ಕೈಯಲ್ಲಿ ಕುಗ್ಗಿಹೋಯಿತಂತೆ. ನಷ್ಟವನ್ನು ಅವನ ಸಂಬಳದಿಂದ ಹಿಡಿದರು. ಆ ನಂತರ ಕಂಪೆನಿಯವರು ಅವನನ್ನು ಎರಡು ದಿನದ ತರಬೇತಿಗೆ ಕಳುಹಿಸಿದರು. "ಆರು ವರ್ಷ ಮಾಡಿದ ಕೆಲಸವನ್ನು ಇವರೇನು ಕಲಿಸುತ್ತಾರೆ ಎಂದು ಕೈಕಟ್ಟಿ ಕುಳಿತಿದ್ದೆ ಉಸ್ತಾದ್. ಅಷ್ಟರಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ನೀವು ತೊಳೆದ ಜಾಗವೇ ಉಳಿದ ಜಾಗಕ್ಕಿಂತ ಬೇಗ ಕೊಳೆಯಾಗುವುದೇಕೆ?"

ಗಿರಾಕಿಗಳಿಂದ ಆರು ವರ್ಷ ಅವನು ಕೇಳುತ್ತಿದ್ದ ದೂರು ಅದೇ ಆಗಿತ್ತು. ದೂರು ಬಂದಾಗಲೆಲ್ಲ ಅವನು ಇನ್ನಷ್ಟು ಶಾಂಪೂ ಹಾಕುತ್ತಿದ್ದ. ಸರಿಯಾಗಿ ತೆಗೆಯದೆ ಬಿಟ್ಟ ಶಾಂಪೂ ಎಳೆಗಳಲ್ಲಿ ಅಂಟಾಗಿ ಉಳಿದು ನಡೆಯುವವರ ಕಾಲಿನ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ ಎಂದು ಅವನಿಗೆ ಗೊತ್ತಾದದ್ದು ಆ ತರಗತಿಯಲ್ಲಿ.

ಈ ತರಬೇತಿಗಳಲ್ಲಿ ಏನು ಕಲಿಸುತ್ತಾರೆಂದು ಅವನಿಂದಲೂ ಆಮೇಲೆ ಓದಿಯೂ ತಿಳಿದುಕೊಂಡೆ. ಮೊದಲ ಪಾಠ, ಹಾಸಿದ್ದು ಏನೆಂದು ಗುರುತಿಸುವುದು. ನೈಲಾನ್, ಪಾಲಿಪ್ರೊಪಿಲೀನ್, ಉಣ್ಣೆ, ರೇಷ್ಮೆ, ಹತ್ತಿ ಎಲ್ಲದರ ಸ್ವಭಾವ ಬೇರೆ ಬೇರೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ನಮ್ಮ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ, 2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಜಮಖಾನೆ ಹತ್ತಿಯದು. ಅದನ್ನು ಪ್ಲಾಸ್ಟಿಕ್ ಎಳೆಯ ಕಾರ್ಪೆಟ್‌ನಂತೆ ತೊಳೆದರೆ ಹಾಳಾಗುತ್ತದೆ. ಗುರುತಿಸುವುದು ಹೇಗೆ? ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದು ತಾನಾಗಿ ಆರಿದರೆ ಉಣ್ಣೆ. ಕಾಗದದಂತೆ ಉರಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು.

ಎರಡನೆಯದು ಬಣ್ಣದ ಪರೀಕ್ಷೆ. ಬಳಸಲಿರುವ ದ್ರಾವಣದಲ್ಲಿ ಬಿಳಿ ಬಟ್ಟೆಯನ್ನು ಅದ್ದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು. ಐದು ನಿಮಿಷದ ಈ ಕೆಲಸ ಮಾಡಿದ್ದರೆ ನಮ್ಮ ಪಟ್ಟಿಗಳು ಗುಲಾಬಿಯಾಗುತ್ತಿರಲಿಲ್ಲ.

ಮೂರನೆಯದು, ನೀರು ಮುಟ್ಟಿಸುವ ಮೊದಲು ಧೂಳು ತೆಗೆಯುವುದು. ಕಾರ್ಪೆಟ್‌ನ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಮಣ್ಣು, ಮರಳು. ವ್ಯಾಕ್ಯೂಮ್ ಕ್ಲೀನರ್‌ನಿಂದ ನಿಧಾನವಾಗಿ ಎಳೆದರೆ ಅದು ಬರುತ್ತದೆ. ನೀರು ಬಿದ್ದರೆ ಅದೇ ಕೆಸರಾಗುತ್ತದೆ.

ನಾಲ್ಕನೆಯದು ತೊಳೆಯುವ ಲೆಕ್ಕ. ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ತಜ್ಞ 1959ರಲ್ಲಿ ಹೇಳಿದ ಸೂತ್ರವೊಂದಿದೆ. ಶುಚಿಗೊಳಿಸಲು ಬೇಕಾದದ್ದು ನಾಲ್ಕು: ರಾಸಾಯನಿಕ, ಬಿಸಿ, ಉಜ್ಜುವಿಕೆ, ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ಉಣ್ಣೆ ತೀಕ್ಷ್ಣ ಕ್ಷಾರವನ್ನೂ ಒರಟು ಬ್ರಷ್ಷನ್ನೂ ತಡೆಯುವುದಿಲ್ಲ. ಆದ್ದರಿಂದ ಅಲ್ಲಿ ಸೌಮ್ಯ ದ್ರಾವಣ ಹಾಕಿ ಸಮಯ ಕೊಡಬೇಕು. ಅವಸರದವರು ಸಮಯದ ಬದಲು ರಾಸಾಯನಿಕ ಸುರಿಯುತ್ತಾರೆ. ಬ್ಲೀಚ್ ಜೊತೆ ಆ್ಯಸಿಡ್ ಅಥವಾ ಅಮೋನಿಯಾ ಬೆರೆಸಿದರೆ ವಿಷಾನಿಲ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಇದು ಗೃಹಿಣಿಯರಿಗೂ ನೆನಪಿರಲಿ.

ಕೊನೆಯದು ಒಣಗಿಸುವಿಕೆ. ಬಿಸಿನೀರು ಚಿಮ್ಮಿಸಿ ಕೂಡಲೇ ಕೊಳೆಯೊಂದಿಗೆ ಹೀರಿಕೊಳ್ಳುವ ಯಂತ್ರವಿದೆ. ಅದರಲ್ಲಿ ನೀರು ಬಿಡುವುದಕ್ಕಿಂತ ಹೀರುವುದೇ ಮುಖ್ಯ. ಒಂದು ದಿನದೊಳಗೆ ಪೂರ್ತಿ ಒಣಗದಿದ್ದರೆ ಬೂಸ್ಟು, ದುರ್ವಾಸನೆ, ಕಂದು ಕಲೆ ಬರಬಹುದು. ಆದ್ದರಿಂದ ಫ್ಯಾನ್ ಹಾಕಿ ಗಾಳಿಯಾಡಿಸುವುದನ್ನೂ ಪಾಠದಲ್ಲಿ ಸೇರಿಸಿದ್ದಾರೆ.

ಇದನ್ನು ಕಲಿಸುವವರು ಯಾರು? ಅಮೆರಿಕದಲ್ಲಿ 1972ರಲ್ಲಿ ಆರಂಭವಾದ ಐ.ಐ.ಸಿ.ಆರ್.ಸಿ. ಎಂಬ ಸಂಸ್ಥೆಯ ಪ್ರಮಾಣಪತ್ರಕ್ಕೆ ಹಲವು ದೇಶಗಳಲ್ಲಿ ಬೆಲೆಯಿದೆ. ಪಾಠ ಮಾಡುವವರು ಅದು ಒಪ್ಪಿದ ಬೋಧಕರು, ಪರೀಕ್ಷೆ ಮಾತ್ರ ಸಂಸ್ಥೆಯದು. ಕಾರ್ಪೆಟ್ ಕ್ಲೀನಿಂಗ್ ಟೆಕ್ನಿಷಿಯನ್ ಎಂಬ ಮೊದಲ ಮೆಟ್ಟಿಲಿನ ಕೋರ್ಸ್ ಸಾಮಾನ್ಯವಾಗಿ 2 ದಿನದ್ದು. ಪಾಸಾದವರೂ ಪ್ರಮಾಣಪತ್ರ ಉಳಿಸಿಕೊಳ್ಳಲು ಆಗಾಗ ಮತ್ತೆ ತರಗತಿಗೆ ಕೂರಬೇಕು. ಅನುಭವ ಕೂಡಿದಂತೆ ಮೇಲಿನ ಮೆಟ್ಟಿಲುಗಳಿವೆ. ಬ್ರಿಟನ್‌ನಲ್ಲಿ 1968ರಲ್ಲಿ ಸ್ಥಾಪನೆಯಾದ ಕಾರ್ಪೆಟ್ ಕ್ಲೀನರ್‌ಗಳ ರಾಷ್ಟ್ರೀಯ ಸಂಘವೂ ತರಬೇತಿ ಕೊಡುತ್ತದೆ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಹೌಸ್‌ಕೀಪಿಂಗ್ ತರಬೇತಿಯ ಒಂದು ಭಾಗ.

ಹೊಸಬರಿಗೆ ಇಂಥ ಎರಡು ದಿನದಲ್ಲಿ ಸಿಗುವುದು ಅಕ್ಷರಾಭ್ಯಾಸ ಮಾತ್ರ. ಕೈ ಪಳಗುವುದು ಆಮೇಲೆ. ಆದರೆ ಅಕ್ಷರ ಗೊತ್ತಿದ್ದವರು ಬೇರೆಯವರ ಕಾರ್ಪೆಟ್ ಕೆಡಿಸಿ ಕಲಿಯಬೇಕಾಗಿಲ್ಲ. ಅನುಭವಿಗಳ ಕಷ್ಟ ಬೇರೆ. ಅವರು ಕಲಿಯುವುದಕ್ಕಿಂತ ಮೊದಲು ಮರೆಯಬೇಕಾದದ್ದು ಬಹಳ ಇರುತ್ತದೆ. ಹತ್ತು ವರ್ಷ ತಪ್ಪಾಗಿ ಮಾಡಿದ್ದೂ ಅನುಭವವೆಂದೇ ಎಣಿಕೆಯಾಗುತ್ತದಲ್ಲ! ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಈ ಮಾತು ತಾಗಿತು.

ನಿಮ್ಮ ಮನೆಯ ಹುಡುಗರು ಇಂಥ ತರಬೇತಿಗೆ ಹೋಗುವುದಾದರೆ ಹಣ ಕಟ್ಟುವ ಮೊದಲು ನಾಲ್ಕು ಮಾತು ಕೇಳಲಿ. ಯಂತ್ರವನ್ನು ಕೈಯಲ್ಲಿ ಹಿಡಿಸಿ ಕಲಿಸುತ್ತಾರೋ, ಪರದೆಯ ಮೇಲೆ ಚಿತ್ರ ತೋರಿಸಿ ಕಳುಹಿಸುತ್ತಾರೋ? ಪರೀಕ್ಷೆ ಇದೆಯೋ, ಬಂದವರಿಗೆಲ್ಲ ಸರ್ಟಿಫಿಕೇಟ್ ಹಂಚುತ್ತಾರೋ? ಅದನ್ನು ಕೊಡುವ ಸಂಸ್ಥೆಯಲ್ಲಿ ವಿಚಾರಿಸಿ ಖಾತ್ರಿ ಮಾಡಿಕೊಳ್ಳಲು ಸಾಧ್ಯವೇ? ತಮ್ಮದೇ ಸೋಪು, ಯಂತ್ರ ಮಾರುವುದಕ್ಕಾಗಿ ಮಾಡುವ ತರಗತಿಯೇ? "ಕೋರ್ಸ್ ಮುಗಿದ ಕೂಡಲೇ ವಿದೇಶದಲ್ಲಿ ಕೆಲಸ ಖಂಡಿತ" ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಸರ್ಟಿಫಿಕೇಟ್ ಬೇರೆ, ವೀಸಾ ಬೇರೆ.

ತಾಯಂದಿರಲ್ಲಿ ಒಂದು ವಿನಂತಿ. ಮಗ ಕ್ಲೀನಿಂಗ್ ಕೆಲಸದಲ್ಲಿದ್ದಾನೆ ಎಂದು ಹೇಳಲು ನಾಚಬೇಡಿ. ಮನೆಯವರೇ ಮುಚ್ಚಿಡುವ ಕೆಲಸವನ್ನು ಯಾವ ಹುಡುಗ ತಾನೇ ಮನಸ್ಸಿಟ್ಟು ಕಲಿತಾನು? ಶುಚಿತ್ವವು ಈಮಾನಿನ ಭಾಗವೆಂದು ನಾವು ಮದ್ರಸದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಶುಚಿ ಮಾಡುವವನನ್ನು ಮಾತ್ರ ಕೀಳಾಗಿ ಕಾಣುತ್ತೇವೆ. ಇದು ಯಾವ ನ್ಯಾಯ?

ಆ ರಜೆಯಲ್ಲಿ ನನ್ನ ವಿದ್ಯಾರ್ಥಿ ಮೂರು ದಿನ ಮಸೀದಿಯಲ್ಲೇ ಇದ್ದು, ಬಾಡಿಗೆಗೆ ಯಂತ್ರ ತರಿಸಿ ಸಾಧ್ಯವಾದಷ್ಟು ಸರಿಪಡಿಸಿದ. ವಾಸನೆ ಹೋಯಿತು, ಗುಲಾಬಿ ಬಣ್ಣ ಪೂರ್ತಿ ಹೋಗಲಿಲ್ಲ. ಆ ಮೂರು ದಿನವೂ ನಾನು ಅವನ ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಅವನ ತಾಯಿ ಕಿಟಕಿಯಾಚೆಯಿಂದ ಅದನ್ನು ನೋಡಿದರು. ಈಗ ಯಾರಾದರೂ ಮಗನ ಬಗ್ಗೆ ಕೇಳಿದರೆ, "ಕಾರ್ಪೆಟ್ ಕೆಲಸ, ಪರೀಕ್ಷೆ ಪಾಸಾಗಿದ್ದಾನೆ" ಎನ್ನುತ್ತಾರೆ.